ಬಳೆ ನಮ್ಮಮ್ಮ ತೊಡಿಸಿದ್ದು



ಮಾತು ಶುರು ಮಾಡೋ ಮೊದಲು ಒಂದು ಸಣ್ಣ ಕೆಲಸ. ನಿಮ್ಮ ಮೈಮೇಲೆ ಈಗ ಏನೇನಿದೆ ಅಂತ ಒಂದ್ಸಲ ನೋಡ್ಕೊಳ್ಳಿ. ಓಲೆ, ಉಂಗುರ, ಸರ, ಬಳೆ, ಮಣಿಕಟ್ಟಿನ ಕೆಂಪು ದಾರ, ಜನಿವಾರ, ಶಿವದಾರ, ತಾಯತ. ಆಫೀಸಿಂದ ನೇರ ಬಂದವರ ಕುತ್ತಿಗೆಯಲ್ಲಿ ಐಡಿ ಕಾರ್ಡ್ ಇನ್ನೂ ನೇತಾಡ್ತಾ ಇರಬಹುದು, ಅದನ್ನೂ ಲೆಕ್ಕಕ್ಕೆ ಸೇರಿಸಿ. (ನಗು) ಈಗ ಕೇಳ್ಕೊಳ್ಳಿ: ಇದರಲ್ಲಿ ಯಾವುದನ್ನ ನಾನಾಗಿ ಹಾಕ್ಕೊಂಡೆ, ಯಾವುದನ್ನ ಬೇರೆಯವರು ಹಾಕಿದ್ರು? ಯಾವುದನ್ನ ಇವತ್ತು ತೆಗೆದಿಟ್ಟು ಮನೆಗೆ ಹೋದ್ರೆ ಯಾರೂ ಏನೂ ಕೇಳಲ್ಲ?

ಉತ್ತರ ಜೋರಾಗಿ ಹೇಳೋದು ಬೇಡ. ನಿಮ್ಮ ಹತ್ರಾನೇ ಇರಲಿ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಎಂ.ಟೆಕ್ ಮುಗಿಸಿ ದಿಲ್ಲಿ ಕಡೆ ಬಂದು ಹತ್ತು ವರ್ಷದ ಮೇಲಾಯ್ತು. ಮನೆ ಇಂದಿರಾಪುರಂನಲ್ಲಿ, ಕೆಲಸ ನೋಯ್ಡಾದಲ್ಲಿ, ಊರು ಕುಶಾಲನಗರದ ಹತ್ತಿರ. ಒಡವೆ ಬಗ್ಗೆ ಮಾತಾಡೋಕೆ ನನಗೇನು ಅರ್ಹತೆ ಅಂದ್ರೆ, ಹೆಚ್ಚೇನಿಲ್ಲ. ಮೂರ್ನಾಲ್ಕು ವರ್ಷದಿಂದ ಬೆಳ್ಳಿ ಕೆಲಸದ ಹುಚ್ಚು ಹಿಡಿದಿದೆ. ಶನಿವಾರಗಳಲ್ಲಿ ಕರೋಲ್ ಬಾಗ್‌ನ ಒಬ್ಬ ಕಾರೀಗರರ ಪಕ್ಕ ಕೂತು ಕಲೀತೀನಿ. ಕಲೀತೀನಿ ಅನ್ನೋದಕ್ಕಿಂತ ಅವರ ಕೆಲಸ ಕೆಡಿಸ್ತೀನಿ ಅನ್ನೋದು ಸರಿ.

ಹುಚ್ಚು ಶುರುವಾಗಿದ್ದು ಗಾಜಿಪುರ್ ಗಡಿಯಲ್ಲಿ. ನಿಮಗೆ ನೆನಪಿರುತ್ತೆ, 2020ರ ನವೆಂಬರ್ ಕೊನೆಗೆ ರೈತರು ದಿಲ್ಲಿಯ ಗಡಿಗಳಿಗೆ ಬಂದು ಕೂತ್ರು. ಸಿಂಘು, ಟಿಕ್ರಿ, ಗಾಜಿಪುರ್. ಒಂದು ವರ್ಷದ ಮೇಲೆ, 2021ರ ಡಿಸೆಂಬರ್‌ವರೆಗೆ ಇದ್ರು. ಗಾಜಿಪುರ್ ನಮ್ಮ ಮನೆಗೆ ಹತ್ತಿರ. ಒಂದು ಭಾನುವಾರ ಕುತೂಹಲಕ್ಕೆ ಹೋದೆ. ಆ ಚಳಿಯಲ್ಲಿ ಒಬ್ರು ಅಜ್ಜಿ ರೊಟ್ಟಿ ಕೊಟ್ಟು, ನನ್ನ ಜಾಕೆಟ್ಟಿಗೆ ಅವರ ಸಂಘಟನೆಯ ಒಂದು ಬಿಲ್ಲೆ ಚುಚ್ಚಿದ್ರು. ತಗಡಿನದ್ದು, ಐದು ರೂಪಾಯಿ ಬಾಳಲ್ಲ. ನಾನು ಅದನ್ನ ಹಾಕ್ಕೊಂಡೇ ಮನೆಗೆ ಬಂದೆ, ಮಾರನೇ ದಿನ ಹಾಕ್ಕೊಂಡೇ ಕೆಲಸಕ್ಕೆ ಕೂತೆ. ಆಗ ವರ್ಕ್ ಫ್ರಮ್ ಹೋಮ್ ಕಾಲ. ಒಂದು ಕ್ಲೈಂಟ್ ಕಾಲ್‌ಗೆ ಮುಂಚೆ ನಮ್ಮ ಮ್ಯಾನೇಜರ್ ಬಹಳ ಮೃದುವಾಗಿ, "ಅದನ್ನೊಂದು ತೆಗೆದುಬಿಡು, ಸುಮ್ನೆ ಯಾಕೆ" ಅಂತ ಮೆಸೇಜ್ ಹಾಕಿದ್ರು. ತೆಗೆದೆ. ಎರಡು ಸೆಕೆಂಡಿನ ಕೆಲಸ. ಆದ್ರೆ ಆ ಎರಡು ಸೆಕೆಂಡು ಬಹಳ ದಿನ ತಲೇಲಿ ಕೊರೀತು. ಐದು ರೂಪಾಯಿ ತಗಡಿಗೆ ಇಷ್ಟು ಶಕ್ತಿ ಇದೆಯಾ? ಅಪ್ಪ ಅಮ್ಮ ಕೊಟ್ಟ ಚಿನ್ನದ ಸರ ಅದೇ ಕಾಲ್‌ನಲ್ಲಿ ನನ್ನ ಕೊರಳಲ್ಲಿತ್ತು, ಅದನ್ನ ಯಾರೂ ತೆಗಿ ಅನ್ನಲಿಲ್ಲ.

ಆಮೇಲೆ ಇದರ ಬಗ್ಗೆ ಓದೋಕೆ ಶುರು ಮಾಡಿದೆ. ನಮ್ಮ ಎಂಜಿನಿಯರುಗಳಿಗೆ ಇದೊಂದು ಕಾಯಿಲೆ, ಮನಸ್ಸಿಗೆ ಏನಾದ್ರೂ ಚುಚ್ಚಿದ್ರೆ ಅಳೋದು ಬಿಟ್ಟು ಸರ್ಚ್ ಮಾಡ್ತೀವಿ. (ನಗು)

ನೋಡಿದ್ರೆ ಇದೊಂದು ದೊಡ್ಡ ಲೋಕ. ಇಂಗ್ಲೆಂಡಿನಲ್ಲಿ ಹೆಂಗಸರು ಮತದಾನದ ಹಕ್ಕು ಕೇಳಿ ಜೈಲಿಗೆ ಹೋಗ್ತಿದ್ದಾಗ, 1909ರಲ್ಲಿ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಅನ್ನೋ ಹೋರಾಟಗಾರ್ತಿ ಒಂದು ಬ್ರೋಚ್ ಚಿತ್ರಿಸಿದ್ರು. ಪಾರ್ಲಿಮೆಂಟಿನ ಚಿಹ್ನೆಯಾದ ಕಬ್ಬಿಣದ ಜಾಲರಿ ಬಾಗಿಲು, ಅದರ ಮೇಲೆ ಕೈದಿಗಳ ಬಟ್ಟೆಯಲ್ಲಿರೋ ಬಾಣದ ಗುರುತು. ಹಾಲೋವೇ ಜೈಲಿಗೆ ಹೋಗಿ ಬಂದ ಹೆಂಗಸರಿಗೆ ಅದನ್ನ ಕೊಡ್ತಿದ್ರು. ಅಂಗಡಿಯಲ್ಲಿ ಸಿಗೋ ಮಾಲಲ್ಲ, ಜೈಲೇ ಅದರ ಬೆಲೆ. ಇನ್ನೊಂದು ನನಗೆ ಬಹಳ ಇಷ್ಟವಾದದ್ದು ಸ್ವಿಟ್ಜರ್ಲೆಂಡಿನ ಒಟ್ಟೋ ಕ್ಯುನ್ಜ್ಲಿ 1980ರಲ್ಲಿ ಮಾಡಿದ ಕೈಬಳೆ. ನೋಡೋಕೆ ಕರೀ ರಬ್ಬರಿನ ಕೊಳವೆ, ಒಂದು ಕಡೆ ಸ್ವಲ್ಪ ಉಬ್ಬಿದೆ. ಆ ಉಬ್ಬಿನೊಳಗೆ ಚಿನ್ನದ ಗುಂಡು. ಹೊರಗೆ ಕಾಣಲ್ಲ, ಕೊಯ್ದು ನೋಡಿದ್ರೆ ಒಡವೆ ಹಾಳು. 'ಚಿನ್ನ ಕುರುಡು ಮಾಡುತ್ತೆ' ಅಂತ ಅದರ ಹೆಸರು. ನಮ್ಮ ಮದುವೆ ಮನೆಗಳಲ್ಲಿ ಇದನ್ನ ಹಾಕ್ಕೊಂಡು ಹೋದ್ರೆ ಪಾಪ ಹುಡುಗಿಗೆ ರಬ್ಬರ್ ಬಳೆ ಹಾಕಿ ಕಳಿಸಿದಾರೆ ಅಂತಾರೆ.

ನಾನೂ ಒಂದು ಕೊಂಡೆ. ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿ, ಬೆಳ್ಳಿಯ ಪೆಂಡೆಂಟ್. ದೇವನಾಗರಿ ಅಕ್ಷರದಲ್ಲಿ 'ಸವಾಲ್ ಪೂಛೋ' ಅಂತ ಕೊರೆದಿದ್ದು. ಪ್ರಶ್ನೆ ಕೇಳು ಅಂತ. ನಾಲ್ಕು ಸಾವಿರದ ಇನ್ನೂರು ರೂಪಾಯಿ. ದಿನಾ ಹಾಕ್ತಿದ್ದೆ. ಮೆಟ್ರೋದಲ್ಲಿ ಎದುರು ಕೂತವರು ಓದ್ತಿದ್ರು, ಕೆಲವರು ನಗ್ತಿದ್ರು, ಒಬ್ರು ಅಂಕಲ್ ಒಂದಿನ "ಯಾರಿಗೆ ಕೇಳ್ಬೇಕು ಬೇಟಾ?" ಅಂತ ಕೇಳಿದ್ರು. ನನಗೆ ಹೆಮ್ಮೆ. ನಾನೇನೋ ಹೇಳ್ತಾ ಇದೀನಿ ಅನ್ನೋ ಭಾವನೆ.

ಅಲ್ಲಿಗೆ ಒಂದು ಪಕ್ಕಕ್ಕೆ ಇಡ್ತೀನಿ. ಈಗ ಉಲ್ಟಾ ಕತೆ. ಹಾಕ್ಕೊಳ್ಳೋದಲ್ಲ, ಕಿತ್ತೆಸೆಯೋದು.

ಕೇರಳದ ಕೊಲ್ಲಂ ಹತ್ತಿರ ಪೆರಿನಾಡು ಅಂತ ಊರು. ಆಗಿನ ತಿರುವಾಂಕೂರು ಸಂಸ್ಥಾನ. ಅಲ್ಲಿ ಪುಲಯ ಸಮುದಾಯದ ಹೆಂಗಸರು ಕಲ್ಲುಮಣಿಗಳ ಸರ ಹಾಕ್ಕೋಬೇಕಿತ್ತು. ಅದನ್ನ 'ಕಲ್ಲುಮಾಲ' ಅಂತಾರೆ. ಇಷ್ಟ ಇದ್ರೆ ಹಾಕ್ಕೊಳ್ಳಿ ಅಂತಲ್ಲ, ಹಾಕಲೇಬೇಕು. ಚಿನ್ನ ಬೆಳ್ಳಿ ಮುಟ್ಟೋ ಹಾಗಿಲ್ಲ. ರವಿಕೆ ತೊಡೋ ಹಾಗಿಲ್ಲ. ದೂರದಿಂದಲೇ ಇವಳು ಯಾವ ಜಾತಿ ಅಂತ ಗೊತ್ತಾಗಲಿ ಅಂತ ಕೊರಳಿಗೆ ಕಟ್ಟಿದ ಬೋರ್ಡ್ ಅದು. 1915ರಲ್ಲಿ ಅಯ್ಯನ್‌ಕಾಳಿ ಅವರ ಚಳವಳಿಯ ಕರೆಗೆ ಹೆಂಗಸರು ಅದನ್ನ ತೆಗೆಯೋಕೆ ಶುರು ಮಾಡಿದ್ರು. ಮೇಲ್ಜಾತಿಯವರು ಗಲಭೆ ಎಬ್ಬಿಸಿದ್ರು, ಗುಡಿಸಲುಗಳು ಸುಟ್ಟುಹೋದವು. ಕೊನೆಗೆ ಕೊಲ್ಲಂನಲ್ಲಿ ಒಂದು ದೊಡ್ಡ ಸಭೆ ಸೇರಿತು. ಅಲ್ಲಿ ಎಲ್ಲರ ಎದುರಿಗೇ ಹೆಂಗಸರು ತಮ್ಮ ಕೊರಳಿನ ಕಲ್ಲುಮಾಲೆಗಳನ್ನ ಕತ್ತರಿಸಿ ಎಸೆದ್ರು. ರಾಶಿ ಬಿತ್ತು.

ಇದಾದ ಹನ್ನೆರಡು ವರ್ಷಕ್ಕೆ, 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಕೂಡ ಹೆಂಗಸರಿಗೆ ಹೆಚ್ಚುಕಡಿಮೆ ಇದನ್ನೇ ಹೇಳಿದ್ರು. ಕೈಕಾಲಿನ ಆ ಭಾರದ ಕಡಗಗಳು ನಿಮ್ಮನ್ನ ಅಸ್ಪೃಶ್ಯರು ಅಂತ ಗುರುತು ಹಿಡಿಸೋಕೆ ಇರೋದು, ಬಿಟ್ಟುಬಿಡಿ ಅಂತ.

ಇದನ್ನ ಓದಿದಾಗ ನನ್ನ ನಾಲ್ಕು ಸಾವಿರದ ಪೆಂಡೆಂಟ್ ಸ್ವಲ್ಪ ಹಗುರ ಅನ್ನಿಸ್ತು. ಹಾಕ್ಕೊಳ್ಳೋಕೆ ನನಗೆ ಬೇಕಾಗಿದ್ದು ಒಂದು ಯುಪಿಐ ಪಿನ್ ಅಷ್ಟೇ.

ನಮ್ಮೂರಿನ ಕತೆಗೆ ಬರ್ತೀನಿ. ಕುಶಾಲನಗರದಿಂದ ಮಡಿಕೇರಿ ಬಸ್ಸು ಹತ್ತಿದ್ರೆ ನಡುವೆ ಸುಂಟಿಕೊಪ್ಪ ಸಿಗುತ್ತೆ. ಚಿಕ್ಕಂದಿನಲ್ಲಿ ನೂರು ಸಲ ದಾಟಿದೀನಿ, ವಾಂತಿ ಬರೋ ಜಾಗ ಅಂತಷ್ಟೇ ಗೊತ್ತಿತ್ತು. (ನಗು) ಆ ಕಡೆ ಗುಂಡುಗುತ್ತಿ ಅಂತ ಒಂದು ಕಾಫಿ ಎಸ್ಟೇಟು. ಅಲ್ಲಿ ಮ್ಯಾನೇಜರ್ ಆಗಿದ್ದ ಗೋಪಾಲಕೃಷ್ಣ ಅವರ ಹೆಂಡತಿ ಗೌರಮ್ಮ, ನಾವು ಕೊಡಗಿನ ಗೌರಮ್ಮ ಅಂತ ಕರೆಯೋ ಕತೆಗಾರ್ತಿ. ಹುಟ್ಟಿದ್ದು 1912ರಲ್ಲಿ. 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅನ್ನೋ ಹೆಸರಲ್ಲಿ ಬರೀತಿದ್ರು. 1934ರಲ್ಲಿ ಗಾಂಧೀಜಿ ಹರಿಜನ ನಿಧಿಗೆ ಹಣ ಕೂಡಿಸ್ತಾ ಕೊಡಗಿಗೆ ಬಂದ್ರು. ಗೌರಮ್ಮನಿಗೆ ಅವರು ತಮ್ಮ ಮನೆಗೂ ಬರಬೇಕು ಅಂತ ಆಸೆ. ಎಲ್ಲಿ ಬರೋಕಾಗುತ್ತೆ ಅಂದಿದ್ದಕ್ಕೆ ಈಕೆ ಉಪವಾಸ ಕೂತರಂತೆ. ಉಪವಾಸದ ಗುರುವಿಗೇ ಉಪವಾಸದ ಪಾಠ! ಗಾಂಧೀಜಿ ಬಂದ್ರು. ಇಪ್ಪತ್ತೆರಡರ ಆಸುಪಾಸಿನ ಆ ಹುಡುಗಿ ತನ್ನ ಚಿನ್ನದ ಒಡವೆಗಳನ್ನ ಆ ನಿಧಿಗೆ ಕೊಟ್ಟುಬಿಟ್ರು. ಮಾಂಗಲ್ಯ, ಓಲೆ, ಮೂಗುಬೊಟ್ಟು ಇಷ್ಟನ್ನ ಉಳಿಸಿಕೊಂಡ್ರು ಅಂತ ಹೇಳ್ತಾರೆ.

ಅದೇ ವರ್ಷದ ಜನವರಿಯಲ್ಲಿ ಕೇರಳದ ವಡಕರದಲ್ಲಿ ಕೌಮುದಿ ಅನ್ನೋ ಹದಿನಾರರ ಹುಡುಗಿ ಸಭೆಯಲ್ಲೇ ಬಳೆ, ಸರ, ಓಲೆ ಎಲ್ಲ ಬಿಚ್ಚಿ ಗಾಂಧೀಜಿ ಕೈಗೆ ಕೊಟ್ಟಿದ್ರು. ಗಾಂಧೀಜಿ ಅದರ ಬಗ್ಗೆ 'ಹರಿಜನ' ಪತ್ರಿಕೆಯಲ್ಲಿ ಬರೆದ್ರು. ಗೌರಮ್ಮನ ಬದುಕು ದೊಡ್ಡದಾಗಲಿಲ್ಲ. 1939ರಲ್ಲಿ ಈಜೋಕೆ ಹೋಗಿ ನೀರಿನಲ್ಲಿ ಮುಳುಗಿ ತೀರಿಕೊಂಡ್ರು, ಇಪ್ಪತ್ತೇಳು ವಯಸ್ಸು. ಅವರ 'ಕಂಬನಿ' ಸಂಕಲನ ಬಂದಿದ್ದು ಅವರು ಹೋದ ಮೇಲೆ. ಆ ಕತೆಗಳಲ್ಲಿ ವಿಧವೆಯರು ಬರ್ತಾರೆ. ಬರೀ ಅಳೋಕೆ ಬರಲ್ಲ, ಆಸೆ ಇಟ್ಕೊಂಡು ಬರ್ತಾರೆ.

ವಿಧವೆ ಅನ್ನೋ ಪದ ಬಂತಲ್ಲ. ನಾನು ನಿಜವಾಗಿ ಹೇಳೋಕೆ ಬಂದಿದ್ದು ಇಲ್ಲಿಂದ.

2022ರ ಮೇ ತಿಂಗಳು. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನಲ್ಲಿ ಹೇರವಾಡ ಅಂತ ಒಂದು ಹಳ್ಳಿ, ನಮ್ಮ ಬೆಳಗಾವಿ ಜಿಲ್ಲೆಯ ಗಡಿಗೆ ಹತ್ತಿರ. ಅಲ್ಲಿನ ಗ್ರಾಮ ಪಂಚಾಯ್ತಿ ಒಂದು ಠರಾವು ಪಾಸ್ ಮಾಡ್ತು. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯೋದು, ಕುಂಕುಮ ಅಳಿಸೋದು, ತಾಳಿ ತೆಗೆಯೋದು, ಕಾಲುಂಗುರ ಬಿಚ್ಚೋದು ಇವೆಲ್ಲ ನಮ್ಮೂರಲ್ಲಿ ಇನ್ಮೇಲೆ ಬೇಡ ಅಂತ. ಎರಡು ವಾರದಲ್ಲಿ ಮಹಾರಾಷ್ಟ್ರ ಸರ್ಕಾರ, ಬೇರೆ ಪಂಚಾಯ್ತಿಗಳೂ ಹೀಗೇ ಮಾಡಲಿ ಅಂತ ಸುತ್ತೋಲೆ ಕಳಿಸ್ತು. ನಾನು ಆ ಸುದ್ದಿಯನ್ನ ವಾಟ್ಸಾಪ್ ಸ್ಟೇಟಸ್ ಹಾಕಿದೆ. ಜೊತೆಗೆ ನನ್ನ ಪೆಂಡೆಂಟಿನ ಫೋಟೋ. ನಲವತ್ತು ಜನ ಹಾರ್ಟ್ ಕಳಿಸಿದ್ರು.

ನವೆಂಬರ್‌ನಲ್ಲಿ ನಮ್ಮಪ್ಪ ಹೋದ್ರು.

ಫ್ಲೈಟ್ ಹಿಡಿದು ಊರಿಗೆ ಹೋದೆ. ಮೊದಲ ದಿನಗಳು ಹೇಗೆ ಕಳೀತು ಅಂತ ನೆನಪಿಲ್ಲ. ಹನ್ನೊಂದನೇ ದಿನದ್ದು ಮಾತ್ರ ಒಂದೊಂದು ನಿಮಿಷವೂ ನೆನಪಿದೆ. ಇನ್ನೂ ಬೆಳಕು ಹರಿದಿರಲಿಲ್ಲ. ನಮ್ಮ ಸೋದರತ್ತೆ, ಅಪ್ಪನ ಅಕ್ಕ, ಒಂದು ಹೊಸ ಮೊರದಲ್ಲಿ ಎಲ್ಲ ಜೋಡಿಸ್ಕೊಂಡು ಬಂದ್ರು. ನಿಮಗೆ ಗೊತ್ತಿರಬಹುದು, ಸುಮ್ಮನೆ ಒಡೆಯಲ್ಲ. ಮೊದಲು ಕೈತುಂಬ ಹಸಿರು ಬಳೆ ತೊಡಿಸ್ತಾರೆ, ತಲೆತುಂಬ ಹೂ ಮುಡಿಸ್ತಾರೆ, ದೊಡ್ಡ ಕುಂಕುಮ ಇಡ್ತಾರೆ. ಕೊನೇ ಸಲ ಅಂತ ಪೂರ್ತಿ ಸಿಂಗಾರ ಮಾಡಿ ಆಮೇಲೆ ಒಂದೊಂದೇ ತೆಗೀತಾರೆ. ಇದನ್ನ ಕಂಡುಹಿಡಿದವರು ಯಾರೋ, ಅವರಿಗೆ ಮನಸ್ಸು ಹೇಗೆ ಮುರೀಬೇಕು ಅಂತ ಚೆನ್ನಾಗಿ ಗೊತ್ತಿತ್ತು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಕೊರಳಲ್ಲಿ 'ಸವಾಲ್ ಪೂಛೋ' ಇತ್ತು. ಬಾಯಿ ಬರಲಿಲ್ಲ. ಅಲ್ಲಿ ಇಪ್ಪತ್ತು ಜನ ಹೆಂಗಸರಿದ್ರು, ಎಲ್ಲರೂ ನನ್ನನ್ನ ಎತ್ತಿ ಆಡಿಸಿದವರು. ಅತ್ತೆ ತಾವೇ ಮೂವತ್ತೊಂದನೇ ವಯಸ್ಸಿಗೆ ಗಂಡನ್ನ ಕಳ್ಕೊಂಡವರು. ಅವರ ಬೋಳು ಕೈ ನೋಡ್ತಾ ನಾನು ಏನು ಹೇಳಲಿ? ನನಗೆ ನಾನೇ ಸಮಾಧಾನ ಹೇಳ್ಕೊಂಡೆ: ಇದು ಸಮಯ ಅಲ್ಲ, ದುಃಖದಲ್ಲಿ ಜಗಳ ಯಾಕೆ, ಅಮ್ಮನಿಗೆ ಏನು ಬೇಕೋ ಗೊತ್ತಿಲ್ಲ. ಈ ಮೂರೂ ಕಾರಣ ಚೆನ್ನಾಗಿವೆ ಅಲ್ವಾ? ಮ್ಯಾನೇಜರ್ ಮೆಸೇಜ್ ಬಂದಾಗಲೂ ಹೀಗೇ ಒಳ್ಳೊಳ್ಳೆ ಕಾರಣ ಸಿಕ್ಕಿದ್ವು.

ಅತ್ತೆ ಅಮ್ಮನ ಕೈ ಹಿಡ್ಕೊಂಡ್ರು. ಅಮ್ಮ ಕೈ ಬಿಡಿಸ್ಕೊಂಡ್ರು. ಜೋರು ಮಾಡಲಿಲ್ಲ. "ಅತ್ತಿಗೆ, ತಾಳಿ ಅವರು ಕಟ್ಟಿದ್ದು, ತಗೊಳ್ಳಿ. ಕಾಲುಂಗುರ ಈ ಮನೇದು, ಅದೂ ತಗೊಳ್ಳಿ. ಬಳೆ ನಮ್ಮಮ್ಮ ತೊಡಿಸಿದ್ದು. ಆಗ ಇವರು ಯಾರು ಅಂತಾನೇ ನಂಗೊತ್ತಿರಲಿಲ್ಲ. ಅದನ್ನ ಯಾಕೆ ಒಡೀಬೇಕು?" ಅಂದ್ರು.

ಯಾರೂ ಮಾತಾಡಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಮೊರ ನೋಡ್ತಾ ಕೂತ್ರು. ಆಮೇಲೆ, "ನಂದು ಒಡೆಯೋವಾಗ ನನ್ನನ್ನ ಯಾರೂ ಕೇಳಲಿಲ್ಲ" ಅಂದ್ರು. ಅದು ಅಮ್ಮನ ಮೇಲಿನ ಸಿಟ್ಟೋ, ತಮ್ಮ ಮೇಲಿನ ಸಂಕಟವೋ, ನನಗೆ ಇವತ್ತಿಗೂ ಬಿಡಿಸಿ ಹೇಳೋಕಾಗಲ್ಲ. ತಾಳಿ, ಕಾಲುಂಗುರ ತಗೊಂಡ್ರು. ಬಳೆ ಉಳೀತು. ಕುಂಕುಮದ ಬಗ್ಗೆ ಯಾರೂ ಎತ್ತಲಿಲ್ಲ, ಅಮ್ಮ ತಾವೇ ಸಣ್ಣ ಬೊಟ್ಟಿಗೆ ಇಳಿದ್ರು. ಎಲ್ಲ ಗೆಲ್ಲಲಿಲ್ಲ ಅವರು. ಎಲ್ಲ ಗೆಲ್ಲಬೇಕು ಅಂತ ಅವರಿಗೆ ಇದ್ದಂಗೂ ಕಾಣಲಿಲ್ಲ.

ರಾತ್ರಿ ಪಕ್ಕದಲ್ಲಿ ಮಲಗಿದ್ದಾಗ ಅಮ್ಮ ಕತ್ತಲಲ್ಲಿ ಹೇಳಿದ್ರು: "ನಿನ್ನ ಸ್ಟೇಟಸ್ಸು ನೋಡಿದ್ದೆ ಪುಟ್ಟಿ, ಆ ಮಹಾರಾಷ್ಟ್ರದ್ದು. ನೀನು ಏನಾದ್ರೂ ಹೇಳ್ತೀಯೇನೋ ಅಂತ ಕಾದೆ."

ಅಷ್ಟೇ. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

(ಮೌನ)

ಅಲ್ಲಿಂದ ಬಂದ ಮೇಲೆ ನಾನು ಪೆಂಡೆಂಟ್ ಹಾಕೋದು ಬಿಟ್ಟೆ. ಅದು ಕೆಟ್ಟ ಒಡವೆ ಅಂತಲ್ಲ. ಅಂಥವು ಬೇಡ ಅಂತ ಹೇಳೋಕೂ ನಾನು ಇಲ್ಲಿ ನಿಂತಿಲ್ಲ. ಕೋಲ್ಕತ್ತಾದ ಐನಾ ಅಹ್ಲುವಾಲಿಯಾ ಅವರು 2011ರಲ್ಲಿ ಮನೆಯೊಳಗಿನ ಹಿಂಸೆಯನ್ನೇ ವಿಷಯ ಮಾಡ್ಕೊಂಡು, ಕಿರ್ಪಾಣದ ಆಕಾರದ ಸರಗಳನ್ನ ಮಾಡಿ ಫ್ಯಾಷನ್ ವೀಕ್‌ನಲ್ಲಿ ತೋರಿಸಿದ್ರು. ಮದುಮಗಳ ಕೊರಳಲ್ಲಿ ಕಿರ್ಪಾಣ! ಅದನ್ನ ನೋಡಿದ ಯಾವಳೋ ಒಬ್ಬಳಿಗೆ ಬಾಯಿ ಬಂದಿರಬಹುದು. ನನಗೆ ಬರಲಿಲ್ಲ, ಅಷ್ಟೇ. ನನ್ನ ಕೊರಳಿನ ಅಕ್ಷರ ನನ್ನ ಬದಲಿಗೆ ಮಾತಾಡುತ್ತೆ ಅಂತ ನಾನು ಅಂದ್ಕೊಂಡಿದ್ದೆ.

ಮುಂದಿನ ಸಲ ಊರಿಗೆ ಹೋದಾಗ ಅಮ್ಮ ಒಂದು ಪೊಟ್ಟಣ ಕೊಟ್ರು. ಕಾಲುಂಗುರಗಳು. ಅತ್ತೆ ವಾಪಸ್ ಕೊಟ್ಟಿದ್ರಂತೆ. "ತಾಳಿ ಬ್ಯಾಂಕ್ ಲಾಕರಲ್ಲಿ ಇರಲಿ. ಇದನ್ನ ನೀನು ಏನಾದ್ರೂ ಮಾಡ್ಕೊ, ಬೆಳ್ಳಿ ಕೆಲಸ ಕಲೀತೀನಿ ಅಂತಿದ್ದೆಯಲ್ಲ" ಅಂದ್ರು. ಹಾಗೆ ನಾನು ಕರೋಲ್ ಬಾಗ್‌ನ ರೇಗರ್‌ಪುರಾ ಗಲ್ಲಿಗೆ ಹೋಗಿದ್ದು.

ಅಲ್ಲಿ ಹೋಗಿದೀರಾ? ದಿಲ್ಲಿಯ ದೊಡ್ಡ ದೊಡ್ಡ ಶೋರೂಮಿನ ಒಡವೆ ಎಷ್ಟೋ ಹುಟ್ಟೋದು ಇಂಥ ಗಲ್ಲಿಗಳಲ್ಲಿ. ಕಡಿದಾದ ಮೆಟ್ಟಿಲು, ಎರಡನೇ ಮಹಡಿ, ಕಿಟಕಿ ಇಲ್ಲದ ಒಂದು ಕೋಣೆ, ಏಳೆಂಟು ಜನ ನೆಲದ ಮೇಲೆ ಕೂತಿರ್ತಾರೆ. ಹೆಚ್ಚಿನವರು ಬಂಗಾಳದವರು. ನಾನು ಹೋಗೋ ಕಾರೀಗರರನ್ನ ಎಲ್ಲರೂ ದಾದಾ ಅಂತಾರೆ, ನಾನೂ ದಾದಾ ಅಂತೀನಿ. ಅವರ ಹತ್ರ ನನ್ನ ಹಳೇ ಪೆಂಡೆಂಟ್ ತೋರಿಸಿದೆ. ತೂಕ ಹಾಕಿದ್ರು, ತಿರುಗಿಸಿ ನೋಡಿದ್ರು, ಇದು ಇಂಥ ಬೀದಿಯಲ್ಲೇ ಮಾಡಿದ್ದು, ಮೇಣದ ಅಚ್ಚಿನಲ್ಲಿ ಎರಕ ಹೊಯ್ದಿದಾರೆ ಅಂದ್ರು. ಕೂಲಿ ಎಷ್ಟು ಸಿಕ್ಕಿರುತ್ತೆ ಅಂತ ಕೇಳಿದೆ. ನಕ್ಕು ಸುಮ್ಮನಾದ್ರು. ಪ್ರಶ್ನೆ ಕೇಳು ಅಂತ ಬರೆದ ಒಡವೆಯನ್ನ ನಾನು ಒಂದೂವರೆ ವರ್ಷ ಹಾಕ್ಕೊಂಡಿದ್ದೆ, ಇದನ್ನ ಮಾಡಿದವರು ಯಾರು ಅನ್ನೋ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಈಗ ಚಿನ್ನಕ್ಕೆ ಎಚ್‌ಯುಐಡಿ ಅಂತ ಆರು ಅಕ್ಷರದ ಕೋಡ್ ಬಂದಿದೆ, 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಗೆ ಅದು ಕಡ್ಡಾಯ. ಆ್ಯಪ್‌ನಲ್ಲಿ ಹಾಕಿದ್ರೆ ಅಂಗಡಿ ಯಾವುದು, ಪರೀಕ್ಷೆ ಮಾಡಿದ ಕೇಂದ್ರ ಯಾವುದು, ಶುದ್ಧತೆ ಎಷ್ಟು ಅಂತ ತೋರಿಸುತ್ತೆ. ಎಂಜಿನಿಯರ್ ಆಗಿ ನನಗೆ ಖುಷಿ, ಒಳ್ಳೇ ಸಿಸ್ಟಮ್. ಆದ್ರೆ ಆ ಡೇಟಾಬೇಸ್‌ನಲ್ಲಿ ಎರಡು ಕಾಲಂ ಇಲ್ಲ. ಯಾವ ಗಣಿಯ ಚಿನ್ನ, ಯಾರ ಕೈ ಕೆಲಸ. ನಮ್ಮ ಕೆಜಿಎಫ್ 2001ರಲ್ಲಿ ಮುಚ್ಚಿತು, ಗಣಿಯ ಧೂಳು ಪುಪ್ಪುಸದಲ್ಲಿ ಕೂತವರು ಅಲ್ಲಿ ಎಷ್ಟು ಜನ. ನಮ್ಮಜ್ಜಿ ಸರದಲ್ಲಿ ಆ ಗಣಿಯ ಚಿನ್ನ ಇದೆಯೋ ಇಲ್ಲವೋ, ಹೇಳೋ ಕೋಡ್ ಯಾವುದೂ ಇಲ್ಲ. ಈ ವಿಷಯ ಇಲ್ಲಿಗೆ ಬಿಡ್ತೀನಿ, ಇದು ಇನ್ನೊಂದು ದಿನದ ಮಾತು.

ಕಾಲುಂಗುರ ಕರಗಿಸಿದ ದಿನ ದಾದಾ ನನ್ನ ಕೈಯಲ್ಲೇ ಮಾಡಿಸಿದ್ರು. ಮೂಸೆಯಲ್ಲಿ ಹಾಕಿ, ಮೇಲೆ ಸ್ವಲ್ಪ ಬಿಳಿಗಾರ ಉದುರಿಸಿ, ಬೆಂಕಿ ಹಿಡಿದೆ. ಶುದ್ಧ ಬೆಳ್ಳಿ ಕರಗೋದು ಸುಮಾರು 962 ಡಿಗ್ರಿಗೆ, ಇದರಲ್ಲಿ ತಾಮ್ರ ಇರೋದ್ರಿಂದ ಸ್ವಲ್ಪ ಮುಂಚೇನೇ ಕರಗುತ್ತೆ. ಮೊದಲು ಏನೂ ಆಗಲ್ಲ. ಕಪ್ಪಾಗುತ್ತೆ, ಕೆಂಪಾಗುತ್ತೆ, ಆಮೇಲೆ ಇದ್ದಕ್ಕಿದ್ದಂತೆ ಕುಸಿದು ಒಂದು ಮುತ್ತಿನ ಥರ ಗುಂಡಗಾಗಿ ತಿರುಗೋಕೆ ಶುರುವಾಗುತ್ತೆ. ಮೂವತ್ತೆಂಟು ವರ್ಷ ಅಮ್ಮನ ಕಾಲಲ್ಲಿ ಸವೆದಿದ್ದು. "ಅಳಬೇಡ, ಕೈ ಅಲುಗಿದ್ರೆ ಚೆಲ್ಲುತ್ತೆ" ಅಂದ್ರು ದಾದಾ. ಹಾಕಿದ್ದು ಹನ್ನೊಂದು ಗ್ರಾಂ, ಬಂದಿದ್ದು ಹತ್ತೂವರೆ ಚಿಲ್ಲರೆ. ಉಳಿದಿದ್ದು ಕೊಳೆ ಅಂತ ದಾದಾ ಹೇಳಿದ್ರು.

ಅದರಲ್ಲಿ ಒಂದು ಪದಕ ಮಾಡಿದೆ. ಏನಾದ್ರೂ ಬರೀಲಾ ಅಂತ ಅಮ್ಮನಿಗೆ ಫೋನ್ ಮಾಡಿ ಕೇಳಿದ್ದೆ. "ಅಕ್ಷರ ಗಿಕ್ಷರ ಬೇಡ" ಅಂದ್ರು. ಹಾಗಾಗಿ ಕಾಫಿ ಹೂವಿನ ಐದು ಎಸಳು ಮಾತ್ರ. ಒಂದು ಎಸಳು ಸೊಟ್ಟ ಬಂದಿದೆ, ದಾದಾ ಸರಿ ಮಾಡ್ತೀನಿ ಅಂದ್ರೂ ನಾನು ಬಿಡಲಿಲ್ಲ. ಕೊರಳಿಗೆ ಹಾಕ್ಕೊಳ್ಳಲಿ ಅಂತ ಒಂದು ಸಣ್ಣ ಸರವನ್ನೂ ಸೇರಿಸಿ ಕಳಿಸಿದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಕೊರಳು ನೋಡಿದೆ. ಇರಲಿಲ್ಲ. ಕೇಳೋಕೆ ಒಂಥರಾ ಆಯ್ತು. ತೋಟದ ಪಹಣಿ ಆಗಷ್ಟೇ ಅಮ್ಮನ ಹೆಸರಿಗೆ ಬಂದಿತ್ತು, ಆಳುಗಳು ಬಂದು ಹೋಗ್ತಾ ಇದ್ರು, ಗೊಬ್ಬರದ ಲೆಕ್ಕ ನಡೀತಿತ್ತು. ಅತ್ತೆಯೂ ಹಬ್ಬಕ್ಕೆ ಬಂದಿದ್ರು, ಜಗಲಿಯಲ್ಲಿ ಕೂತು ಮೆಣಸು ಆರಿಸ್ತಿದ್ರು. ಸಂಜೆ ಅಮ್ಮ ಉಗ್ರಾಣದ ಬೀಗ ತೆಗೆಯೋಕೆ ಸೊಂಟದಿಂದ ಕೀಲಿ ಗೊಂಚಲು ಎಳೆದ್ರು. ಅಲ್ಲಿತ್ತು ನನ್ನ ಸೊಟ್ಟ ಕಾಫಿ ಹೂ. ಬೀರು ಕೀಲಿ, ಉಗ್ರಾಣದ ಕೀಲಿ, ಪಂಪ್‌ಸೆಟ್ ಮನೆ ಕೀಲಿಗಳ ಮಧ್ಯೆ.

"ಕೊರಳಿಗೆ ಹಾಕ್ಕೊಳ್ಳಲಿ ಅಂತ ಕೊಟ್ಟಿದ್ದಲ್ವಾ ಅಮ್ಮ?" ಅಂದೆ.

"ಕೊರಳಲ್ಲಿ ಇದ್ರೆ ನಂಗೆಲ್ಲಿ ಕಾಣುತ್ತೆ?" ಅಂದ್ರು. ಬಾಗಿಲು ತೆಗೆದು ಒಳಗೆ ಹೋದ್ರು, ಬಳೆ ಸದ್ದು ಮಾಡ್ಕೊಂಡು. ಅತ್ತೆ ಮೆಣಸು ಆರಿಸೋದು ನಿಲ್ಲಿಸಿ ಆ ಕಡೆ ನೋಡ್ತಿದ್ರು.